ಹನ್ನೆರಡನೇ ಸಾಲಿನ ನೇರಳೆ

ಹನ್ನೆರಡನೇ ಸಾಲಿಗೆ ಬಣ್ಣ ಬರಬಾರದಿತ್ತು. ಬಂದಿತ್ತು.

ಅವಳು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು, ಕೆಳಗಿಟ್ಟಳು, ಕನ್ನಡಕ ಒರೆಸಿಕೊಂಡು ಮತ್ತೆ ಹಿಡಿದಳು. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ ಅದು. ಸಾಲಿಗೆ ಎಂಟರಂತೆ ಹನ್ನೆರಡು ಸಾಲು ಪುಟ್ಟ ಗುಳಿಗಳು, ಒಂದೊಂದರಲ್ಲೂ ನಾಲ್ಕಾರು ಹನಿ ಹಿಡಿಯುವಷ್ಟು ಜಾಗ. ಮೂರು ದಿನದ ಹಿಂದೆ ಅವಳು ಇದರಲ್ಲಿ ನರಕೋಶಗಳನ್ನು ಬಿತ್ತಿದ್ದಳು. ಹನ್ನೊಂದು ಸಾಲು ತುಂಬುವಷ್ಟರಲ್ಲಿ ಬಾಟಲಿಯ ತಳ ಕಂಡಿತ್ತು. ಇರಲಿ ಎಂದು ಹನ್ನೆರಡನೆಯದಕ್ಕೆ ಬರೀ ಪೋಷಕದ್ರವ ಹಾಕಿ ಮುಚ್ಚಳದ ಮೇಲೆ ‘ಖಾಲಿ’ ಎಂದು ಬರೆದಿದ್ದಳು. ಮರುದಿನ ಎಂಟು ಮೂತಿಯ ಪಿಪೆಟ್ಟು ಹಿಡಿದು ಔಷಧಿ ಹಾಕುತ್ತ ಹೋದ ಕೈ ಹನ್ನೊಂದಕ್ಕೆ ನಿಲ್ಲದೆ, ಅಭ್ಯಾಸಬಲದಿಂದ ಹನ್ನೆರಡಕ್ಕೂ ಹಾಕಿಬಿಟ್ಟಿತ್ತು. ನಾಲಿಗೆ ಕಚ್ಚಿಕೊಂಡು ಸುಮ್ಮನಾಗಿದ್ದಳು. ಖಾಲಿ ಗುಳಿಗೆ ಔಷಧಿ ಬಿದ್ದರೆ ಯಾರಿಗೇನು ನಷ್ಟ?

ಬೆಳಿಗ್ಗೆ ಬೇಗ ಬಂದು ಎಲ್ಲ ಸಾಲಿಗೂ ಕೊನೆಯ ಬಣ್ಣದ್ರವ ಹಾಕಿದ್ದಳು. ಈಗ ಆ ಖಾಲಿ ಸಾಲು ಉಳಿದವುಗಳಷ್ಟೇ ಗಾಢ ನೇರಳೆಯಾಗಿ ಅವಳನ್ನೇ ನೋಡುತ್ತಿತ್ತು.

ಈ ಪರೀಕ್ಷೆಯ ಲೆಕ್ಕಾಚಾರ ಸರಳ. ಕೊನೆಯಲ್ಲಿ ಹಾಕುವ ಬಣ್ಣದ್ರವ ಮೊದಲಿಗೆ ಹಳದಿ. ಕೋಶ ಬದುಕಿದ್ದರೆ ಅದನ್ನು ಒಳಗೆಳೆದುಕೊಂಡು ನೇರಳೆ ಮಾಡುತ್ತದೆ. ಸತ್ತಿದ್ದರೆ ಹಳದಿ ಹಳದಿಯಾಗಿಯೇ ಉಳಿಯುತ್ತದೆ. ನೇರಳೆ ಹೆಚ್ಚಿದಷ್ಟೂ ಬದುಕಿದವು ಹೆಚ್ಚು. ಹದಿನಾಲ್ಕು ತಿಂಗಳಿಂದ ಅವಳು ಮಾಡಿದ್ದು ಇಷ್ಟೇ: ನರಕೋಶಗಳಿಗೆ ವಿಷ ಹಾಕುವುದು, ಜೊತೆಗೆ ಔಷಧಿಯೆಂದು ಒಂದು ಗಿಡದ ಎಲೆಯಿಂದ ತೆಗೆದ ತೆಳುಹಳದಿ ಪುಡಿ ಹಾಕುವುದು, ಎಷ್ಟು ನೇರಳೆ ಬಂತು ಎಂದು ಅಳೆಯುವುದು. ಫ್ಲೇವನಾಯ್ಡ್ ಎಂಬ ದೊಡ್ಡ ಕುಟುಂಬದ ಕುಡಿ ಆ ಪುಡಿ. ಅದರ ಅಣ್ಣತಮ್ಮಂದಿರು ಈರುಳ್ಳಿಯಲ್ಲಿದ್ದಾರೆ, ಚಹಾದಲ್ಲಿದ್ದಾರೆ, ಹಣ್ಣಿನ ಸಿಪ್ಪೆಯಲ್ಲಿದ್ದಾರೆ. ಪುಡಿ ಹಾಕಿದ ಕಡೆಯೆಲ್ಲ ನೇರಳೆ ಬರುತ್ತಿತ್ತು. ವಿಷ ಕುಡಿದ ನರಕೋಶಗಳು ಎದ್ದು ಕೂತಿವೆ ಎಂದು ಅವಳು ನಂಬಿದ್ದಳು. ನಂಬಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಮನೆಯಲ್ಲೂ ಹೇಳಿದ್ದಳು.

"ಏನೇ ತಕ್ಕಡಿ, ತಟ್ಟೆ ಹಿಡ್ಕೊಂಡು ಭಿಕ್ಷೆಗೆ ಹೊರಟ ಹಾಗಿದೆ?"

ಪಕ್ಕದ ಮೇಜಿನವನು. ಇಲಿಗಳ ಕೋಣೆ ಅವನ ಸುಪರ್ದಿಯಲ್ಲಿದ್ದುದರಿಂದ ಎಲ್ಲರ ಬಾಯಲ್ಲೂ ಅವನು ಇಲಿರಾಯ. ಅವಳಿಗೆ ತಕ್ಕಡಿ ಎಂಬ ಹೆಸರಿಟ್ಟವನೂ ಅವನೇ. ಉಪ್ಪನ್ನೂ ಮೂರು ಸಲ ತೂಗುತ್ತಾಳೆಂದು.

"ಇದನ್ನ ನೋಡು. ಈ ಸಾಲಲ್ಲಿ ಕೋಶಗಳೇ ಇಲ್ಲ."

ಅವನು ಬಗ್ಗಿ ನೋಡಿದ. ನಗು ಅರ್ಧಕ್ಕೇ ನಿಂತಿತು. "ಇಲ್ಲ ಅಂದ್ರೆ? ಒಂದೆರಡು ಜಾರಿ ಬಿದ್ದಿರಬಹುದು."

"ಸೂಕ್ಷ್ಮದರ್ಶಕದಲ್ಲಿ ನೋಡಿ ಬಂದೆ. ಒಂದು ನರಪಿಳ್ಳೆಯೂ ಇಲ್ಲ."

"ಹಾಗಾದ್ರೆ ನೇರಳೆ ಮಾಡಿದ್ದು ಯಾರು? ನಾನಂತೂ ಅಲ್ಲಮ್ಮ."

ಅವಳ ಕಣ್ಣು ಪುಡಿಯ ಸೀಸೆಯ ಮೇಲೆ ಹೋಯಿತು. ಈ ಪುಡಿಯ ಮೇಲೆ ಆಸೆ ಹುಟ್ಟಿದ್ದೇ ಅದರ ಧಾರಾಳದ ಕೈಯಿಂದ. ಕೇಳಿದವರಿಗೆಲ್ಲ ಎಲೆಕ್ಟ್ರಾನು ಕೊಟ್ಟುಬಿಡುವ ಚಾಳಿ ಅದಕ್ಕಿದೆ. ದೇಹದೊಳಗೆ ಸುಡುತ್ತ ತಿರುಗುವ ಕಿಡಿಗೇಡಿ ಕಣಗಳು ಅದರಿಂದ ತಣ್ಣಗಾಗಬಹುದು ಎಂಬುದು ಎಲ್ಲರ ನಿರೀಕ್ಷೆ. ಆದರೆ ಧಾರಾಳಿಗೆ ಬೇಕಾದವರು ಬೇಡದವರು ಎಂಬ ಭೇದ ಎಲ್ಲಿದೆ? ಬಣ್ಣದ್ರವ ಎದುರು ಬಂದರೆ ಅದಕ್ಕೂ ಕೊಡುತ್ತದೆ. ಕೋಶಗಳ ಹಂಗೇ ಇಲ್ಲದೆ ಹಳದಿ ನೇರಳೆಯಾಗುತ್ತದೆ.

ಬಣ್ಣದ್ರವ ಹಾಕುವ ಮೊದಲು ಪುಡಿಯನ್ನು ತೊಳೆದು ತೆಗೆಯಬೇಕೆಂಬುದು ಅವಳಿಗೆ ತಿಳಿಯದ ವಿಷಯವಲ್ಲ. ಆದರೆ ಈ ಜಾತಿಯ ನರಕೋಶಗಳು ತಟ್ಟೆಗೆ ಗಟ್ಟಿಯಾಗಿ ಅಂಟುವುದಿಲ್ಲ. ಮೊದಲ ತಿಂಗಳು ತೊಳೆದಾಗಲೆಲ್ಲ ಅರ್ಧಕ್ಕರ್ಧ ಕೊಚ್ಚಿಹೋಗುತ್ತಿದ್ದವು. ರೋಸಿಹೋಗಿ ತೊಳೆಯುವುದನ್ನೇ ಬಿಟ್ಟಳು. ಬಿಟ್ಟವಳು, ಕೋಶಗಳಿಲ್ಲದ ಗುಳಿಗೂ ಪುಡಿ ಹಾಕಿ ನೋಡಬೇಕಿತ್ತು. ಕೋಶವೂ ಪುಡಿಯೂ ಎರಡೂ ಇಲ್ಲದ ಗುಳಿಗಳನ್ನು ಮಾತ್ರ ಇಟ್ಟಿದ್ದಳು. ಉಪ್ಪನ್ನು ಮೂರು ಸಲ ತೂಗುವವಳು!

ಹೊಸ ತಟ್ಟೆ ತೆಗೆದಳು. ಈ ಸಲ ಬೇಕೆಂದೇ ಒಂದೂ ಕೋಶವಿಲ್ಲ. ಬರೀ ಪೋಷಕದ್ರವ, ಪುಡಿಯ ಐದು ಪ್ರಮಾಣಗಳು, ಪುಡಿಯೇ ಇಲ್ಲದ ಒಂದು ಸಾಲು, ಎಲ್ಲಕ್ಕೂ ಬಣ್ಣದ್ರವ. ಬಿಸಿಪೆಟ್ಟಿಗೆಯೊಳಗಿಟ್ಟು ಬಾಗಿಲು ಮುಚ್ಚಿದಾಗ ಗಂಟೆ ಹತ್ತೂವರೆ. ಮೂರು ಗಂಟೆ ಕಾಯಬೇಕು.

ಫೋನು ಗುನುಗಿತು. ಅಮ್ಮ.

ಅಪ್ಪ ಅಮ್ಮ ಇಬ್ಬರೂ ಹೊಲಿಗೆಯವರು. ಅಪ್ಪ ಅಳತೆ, ಕತ್ತರಿ, ಕೋಟಿನ ಕೈಹೊಲಿಗೆ. ಅಮ್ಮ ಗುಂಡಿ, ಕಾಜಾ, ಗಿರಾಕಿಗಳ ಜೊತೆ ಮಾತು. ಎರಡು ವರ್ಷದಿಂದ ಅಪ್ಪನ ಬಲಗೈ ನಡುಗುತ್ತಿದೆ. ಕೈಯಲ್ಲೇನೂ ಊನವಿಲ್ಲ, ತಲೆಯೊಳಗಿನ ಒಂದು ಗುಂಪು ನರಕೋಶಗಳು ಸವೆಯುತ್ತಿವೆ ಎಂದರು ಡಾಕ್ಟರು. ದಿನಕ್ಕೆ ಮೂರು ಮಾತ್ರೆ. ಮಾತ್ರೆಯಿಂದ ಕೈ ಹತೋಟಿಗೆ ಬಂತು, ಹೊಟ್ಟೆ ಹತೋಟಿ ತಪ್ಪಿತು, ಸದಾ ವಾಕರಿಕೆ.

"ಕೆಲಸದಲ್ಲಿದ್ದೀಯಾ?" ಅಮ್ಮ ಪಿಸುಗುಟ್ಟುತ್ತಿದ್ದಳು. "ನಿಮ್ಮಪ್ಪ ಮಾತ್ರೆ ಬಿಟ್ಟಿದ್ದಾರೆ ಕಣೇ. ಇವತ್ತು ಗುಂಡಿ ಡಬ್ಬೀಲಿ ಹುಡುಕೋವಾಗ ಮಾತ್ರೆ ಸಿಕ್ತು. ಎಣಿಸಿದೆ. ಒಂಬತ್ತು ದಿನದ್ದು ಹಂಗೇ ಇದೆ."

ಅವಳು ಗೋಡೆಗೊರಗಿದಳು. "ಬಿಟ್ಟು?"

"ಬಿಟ್ಟು ಇನ್ನೇನು? ನಿನ್ನ ಸೊಪ್ಪಿನ ಪುಡಿ. ಅಂಗಡೀಲಿ ಕ್ಯಾಪ್ಸೂಲ್ ಸಿಗುತ್ತಂತಲ್ಲ, ಅದೇ ಕುಲದ್ದು. ಚೀಟೀಲಿ ಹೆಸರು ಬರ್ಕೊಂಡು ಹೋಗಿ ತಂದಿದ್ದಾರೆ. ನೀನೇ ಹೇಳಿದ್ದೆ ಅಂತೆ."

ಹೇಳಿದ್ದಳು. ಕಳೆದ ತಿಂಗಳು ಊಟಕ್ಕೆ ಕೂತಾಗ, ಒಳ್ಳೆಯ ಗ್ರಾಫ್ ಬಂದ ಖುಷಿಯಲ್ಲಿ, ಚಮಚ ಆಡಿಸುತ್ತ ಹೇಳಿದ್ದಳು: ಅಪ್ಪ, ಸಾಯ್ತಿದ್ದ ನರಗಳು ಎದ್ದು ಕೂತವು! ಅಪ್ಪ ತುತ್ತು ನಿಲ್ಲಿಸಿ ಕೇಳಿದ್ದ, "ನನ್ನ ತಲೇಲಿ ಸವೀತಿರೋದೂ ಅಂಥವೇನಾ?" ಅವಳು, "ಹೆಚ್ಚುಕಮ್ಮಿ ಅದೇ ಜಾತಿ," ಎಂದಿದ್ದಳು. ಮನುಷ್ಯರ ಮೇಲೆ ಪ್ರಯೋಗ ಆಗೋಕೆ ಇನ್ನೂ ಎಷ್ಟೋ ವರ್ಷ ಬೇಕು ಎಂದೂ ಸೇರಿಸಿದ್ದಳು. ಸೇರಿಸುವಾಗ ಅಪ್ಪ ನೀರು ತರಲು ಎದ್ದುಹೋಗಿದ್ದ.

"ಅವರಿಗೆ ಕೊಡು ಫೋನು."

ಕತ್ತರಿ ಕೆಳಗಿಟ್ಟ ಸದ್ದು. ಆಮೇಲೆ ಅಪ್ಪನ ದನಿ, ಬೇಕೆಂದೇ ಗಟ್ಟಿ. "ನಿಮ್ಮಮ್ಮನ ಬಾಯಿಗೆ ಎರಡು ಕಾಜಾ ಹೊಲಿದು ಗುಂಡಿ ಹಾಕಬೇಕು."

"ಅಪ್ಪ, ತಮಾಷೆ ಬೇಡ. ಡಾಕ್ಟರು ಏನಂದಿದ್ರು? ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ, ಮೈ ಮರಗಟ್ಟಿ ಜೀವಕ್ಕೇ ಬರುತ್ತೆ ಅಂದಿರಲಿಲ್ವಾ?"

"ಮರಗಟ್ಟಿಲ್ಲ. ಚೆನ್ನಾಗೇ ಇದೀನಿ. ವಾಕರಿಕೆ ಇಲ್ಲ, ಎರಡು ತುತ್ತು ಹೆಚ್ಚು ತಿಂತೀನಿ. ಆ ಮಾತ್ರೆಗಿಂತ ನಿನ್ನ ಸೊಪ್ಪೇ ವಾಸಿ."

"ಅದು ಇನ್ನೂ ಔಷಧಿ ಅಲ್ಲಪ್ಪ!"

"ನಿನ್ನ ಕೆಲಸಾನ ನೀನೇ ನಂಬಲ್ವಾ?"

ಅವಳ ಕಣ್ಣು ಬಿಸಿಪೆಟ್ಟಿಗೆಯ ಗಾಜಿನ ಮೇಲಿತ್ತು. ಒಳಗಿನದು ಇಲ್ಲಿಂದ ಕಾಣದು.

"ಒಂದೇ ಮಾತು ಹೇಳು," ಅಪ್ಪನ ದನಿ ತಗ್ಗಿತು. "ಆ ಪುಡಿ ವಿಷಯ ಸುಳ್ಳಾ?"

"ಮೂರು ಗಂಟೆ ಹೊತ್ತು ಕೊಡಿ. ಹೇಳ್ತೀನಿ. ಅಲ್ಲೀವರೆಗೆ ಆ ಕ್ಯಾಪ್ಸೂಲ್ ಮುಟ್ಟಬೇಡಿ."

"ಸುಳ್ಳಾದ್ರೆ ನೀನೇ ಬಂದು ಹೇಳು. ಫೋನಲ್ಲಿ ಬೇಡ. ನೀನು ಬಂದು ಹೇಳೋತನಕ ನಾನು ಆ ಮಾತ್ರೆ ನುಂಗಲ್ಲ."

ಫೋನು ಇಟ್ಟಾಯಿತು.

ಅಪ್ಪನಿಗೆ ಹಟ ಬಂದರೆ ಬಂತು; ಹೊಲಿಯಲ್ಲವೆಂದ ಮೇಲೆ ಗಿರಾಕಿಯೊಬ್ಬನ ಬಟ್ಟೆಯನ್ನು ಆರು ತಿಂಗಳು ಮುಟ್ಟದೆ ಇಟ್ಟುಕೊಂಡ ಆಸಾಮಿ. ಅವಳು ಮೊದಲು ಡಾಕ್ಟರಿಗೆ ಫೋನು ಮಾಡಿದಳು. ಡಾಕ್ಟರು ಬೈದರು, ಅವಳಿಗೇ. ಬೈದು ಮುಗಿಸಿ ಹೇಳಿದರು: ಇವತ್ತೇ ಶುರುವಾಗಬೇಕು, ಆದರೆ ಮೊದಲಿನಷ್ಟೇ ಒಮ್ಮೆಗೇ ಬೇಡ; ಊಟದ ಮೇಲೆ ಅರ್ಧ ಮಾತ್ರೆ, ನಾಳೆ ಕರೆದುಕೊಂಡು ಬನ್ನಿ, ವಾಕರಿಕೆಗೂ ಏನಾದರೂ ಕೊಡೋಣ; ಅಷ್ಟರಲ್ಲಿ ಜ್ವರವೋ ಬಿಗಿತವೋ ಬಂದರೆ ತಕ್ಷಣ ಆಸ್ಪತ್ರೆಗೆ. ಅವಳು ಬರೆದುಕೊಂಡಳು. ಬರೆದದ್ದನ್ನು ಓದಿದಳು. ಮತ್ತೆ ಓದಿದಳು. ಹನ್ನೊಂದಾಗಿರಲಿಲ್ಲ.

ಸುಮ್ಮನೆ ಈಗಲೇ ಹೋಗಿ ಸುಳ್ಳು ಅಂದುಬಿಡಲೇ? ಲಿಫ್ಟಿನ ಬಾಗಿಲವರೆಗೂ ಹೋದಳು. ಆದರೆ ಖಚಿತವಾಗದೆ ನಿಜ ಅಂದದ್ದೇ ಈ ಫಜೀತಿಗೆ ಕಾರಣ. ಖಚಿತವಾಗದೆ ಸುಳ್ಳು ಅನ್ನುವುದೂ ಅದೇ ತಪ್ಪು. ಅಪ್ಪ ‘ಹೇಗೆ ಗೊತ್ತು’ ಎಂದು ಕೇಳೇ ಕೇಳುತ್ತಾನೆ. ವಾಪಸು ಬಂದಳು. ತೊಳೆದಿಟ್ಟ ಗಾಜಿನ ಲೋಟಗಳನ್ನು ಮತ್ತೆ ತೊಳೆದಳು. ಪಿಪೆಟ್ಟಿನ ಮೂತಿಗಳ ಡಬ್ಬಿ ತುಂಬಿದಳು, ತುಂಬಿದ್ದು ವಕ್ರವಾಯಿತೆಂದು ಸುರಿದು ಮತ್ತೆ ತುಂಬಿದಳು. ಬಿಸಿಪೆಟ್ಟಿಗೆಯ ಮುಂದೆ ಎಷ್ಟು ಸಲ ಹಾದಳೋ.

"ಬಾಲ ಸುಟ್ಟ ಬೆಕ್ಕಿನ ಹಾಗೆ ತಿರುಗ್ಬೇಡ ಮಾರಾಯ್ತಿ, ನನ್ನ ಇಲಿಗಳಿಗೆ ಎದೆನೋವು ಬರುತ್ತೆ," ಎಂದ ಇಲಿರಾಯ. ಅವಳ ಮುಖ ನೋಡಿ, "ಏನಾಯ್ತು? ಬರೀ ತಟ್ಟೆ ವಿಷಯ ಅಲ್ಲ ಇದು," ಎಂದು ಕುರ್ಚಿ ಎಳೆದುಕೊಂಡ.

ಹೇಳಿದಳು. ಅವನು ಗಲ್ಲ ಕೆರೆದುಕೊಂಡ.

"ನಮ್ಮಕ್ಕನೂ ಹಂಗೇ. ನಾನು ಇಲಿಗೆ ಹಾಕಿದ್ದನ್ನೆಲ್ಲ ಭಾವನ ತಟ್ಟೆಗೂ ಹಾಕೋಕೆ ನೋಡ್ತಾಳೆ. ಅದಕ್ಕೇ ನಾನು ಮನೇಲಿ ಬಾಯೇ ಬಿಡಲ್ಲ. ನೀನು ಬಿಟ್ಟೆ."

"ಬಿಟ್ಟೆ."

"ಹೋಗ್ಲಿ, ಬಣ್ಣ ಬರದೇ ಇದ್ರೆ?"

"ಬರದಿದ್ರೂ ಅವರು ಮಾತ್ರೆ ತಗೋಬೇಕಲ್ಲ. ಬಂದ್ರೆ ಹೇಳೋದು ಸುಲಭ, ಅಷ್ಟೆ." ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಬೆಚ್ಚಿದಳು. ಹದಿನಾಲ್ಕು ತಿಂಗಳ ಕೆಲಸ ನೀರುಪಾಲಾಗಲಿ ಎಂದು ಮನಸ್ಸಿನ ಒಂದು ಮೂಲೆ ಬಯಸುತ್ತಿತ್ತು.

ಒಂದೂವರೆಗೆ ಸರಿಯಾಗಿ ಬಾಗಿಲು ತೆಗೆದಳು. ತಟ್ಟೆಯ ತುಂಬ ನೇರಳೆ. ಪುಡಿ ಹೆಚ್ಚಿದ್ದಲ್ಲಿ ಹೆಚ್ಚು, ಕಡಿಮೆಯಿದ್ದಲ್ಲಿ ಕಡಿಮೆ, ಪುಡಿಯೇ ಇಲ್ಲದ ಸಾಲು ಅಚ್ಚ ಹಳದಿ. ಯಂತ್ರದಲ್ಲಿಟ್ಟು ಅಳೆದಳು. ಐದು ಅಂಕಿಗಳು. ಹಳೆಯ ಗ್ರಾಫಿನ ಪಕ್ಕ ಹೊಸ ಗ್ರಾಫ್ ಎಳೆದಾಗ ಎರಡೂ ಅವಳಿಜವಳಿ. ಕೋಶಗಳನ್ನು ಉಳಿಸಿದ ಪುರಾವೆ ಅಂತ ಯಾವುದನ್ನು ತೋರಿಸಿಕೊಂಡು ಓಡಾಡಿದ್ದಳೋ, ಅದು ಒಂದು ಕೋಶವೂ ಇಲ್ಲದೆ ಬಂದಿತ್ತು.

ಎರಡು ತಟ್ಟೆಗಳನ್ನೂ ಹಿಡಿದು ದೊಡ್ಡ ಮೇಡಂ ಕೋಣೆಗೆ ಹೋದಳು. ಪ್ರಯೋಗಾಲಯದ ಮುಖ್ಯಸ್ಥೆ ಇದೇ ಕೆಲಸದ ಪ್ರಬಂಧದ ಕೊನೆಯ ಪುಟ ತಿದ್ದುತ್ತಿದ್ದರು. ಸಂಜೆ ವಿಜ್ಞಾನ ಪತ್ರಿಕೆಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ಅವಳು ತಟ್ಟೆ ಮೇಜಿನ ಮೇಲಿಟ್ಟು ಮೂರು ವಾಕ್ಯದಲ್ಲಿ ಹೇಳಿದಳು. ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ನಾನು ಕೇಳಬೇಕಿತ್ತು. ಈ ಗ್ರಾಫನ್ನ ನಾನೂ ಅಷ್ಟು ಸಲ ನೋಡಿದ್ದೀನಲ್ಲ." ಪೆನ್ನಿನ ಟೋಪಿ ಮುಚ್ಚಿದರು. "ಇದು ಹೋಗೋದಿಲ್ಲ. ಬೇರೆ ಪರೀಕ್ಷೆ ಹುಡುಕೋಣ, ಬಣ್ಣ ಇಲ್ಲದ್ದು. ಕೋಶಗಳನ್ನ ಕಣ್ಣಿಂದ ಎಣಿಸಬೇಕಾದ್ರೂ ಸರಿ."

"ಸರಿ ಮೇಡಂ. ಈಗ ನಾನು ಮನೆಗೆ ಹೋಗಬೇಕು."

"ಇಷ್ಟಕ್ಕೇ ಧೃತಿಗೆಡಬೇಡ."

"ಇದಕ್ಕಲ್ಲ ಮೇಡಂ," ಎಂದು ಬಾಗಿಲು ದಾಟಿದಳು.

ತಟ್ಟೆಗಳನ್ನು ಹೊರಗೆ ಒಯ್ಯುವಂತಿಲ್ಲ. ಫೋಟೋ ತೆಗೆದು, ಒಂದು ಹಾಳೆಯ ಮೇಲೆ ಬಣ್ಣದಲ್ಲಿ ಮುದ್ರಿಸಿ ಮಡಚಿಟ್ಟುಕೊಂಡಳು. ಬಸ್ಸು ಪ್ರತಿ ನಿಲ್ದಾಣದಲ್ಲೂ ಊರಿನವರನ್ನೆಲ್ಲ ಹತ್ತಿಸಿಕೊಳ್ಳುವ ಹಾಗೆ ನಿಂತಿತು. ಎರಡು ನಿಲ್ದಾಣ ಮೊದಲೇ ಇಳಿದು ನಡೆದಳು, ನಡೆದದ್ದು ಸಾಲದೆ ಓಡಿದಳು.

ಅಂಗಡಿಯಲ್ಲಿ ಇಸ್ತ್ರಿಯ ಬಿಸಿ, ಹೊಸ ಬಟ್ಟೆಯ ಗಂಜಿವಾಸನೆ. ಅಮ್ಮ ಬಾಯಲ್ಲಿ ದಾರ ಕಚ್ಚಿಕೊಂಡೇ ಕಣ್ಣಿನಲ್ಲಿ ಒಳಗೆ ತೋರಿಸಿದಳು. ಅಪ್ಪ ಕತ್ತರಿಸುವ ಮೇಜಿನ ಹಿಂದೆ ಕೂತಿದ್ದ. ಬಲಗೈ ಮಡಚಿದ ಕೋಟಿನ ಕೆಳಗೆ. ಮುಖದಲ್ಲಿ ಸದಾ ಇರುವ ಕೀಟಲೆ ಇರಲಿಲ್ಲ. ಮುಖವೇ ಸ್ವಲ್ಪ ಗಟ್ಟಿಯಾಗಿ, ಇಸ್ತ್ರಿ ಹಾಕಿದ ಹಾಗೆ ಕಂಡಿತು. ಚೆನ್ನಾಗಿದೀನಿ ಅಂದಿದ್ದನಲ್ಲ?

"ಬಂದ್ಯಾ? ನೀರು ಕುಡಿ."

"ಸುಳ್ಳು ಅಪ್ಪ," ಎಂದಳು ನಿಂತಲ್ಲೇ. "ನಾನು ಹೇಳಿದ್ದು ತಪ್ಪು." ಹಾಳೆ ಬಿಡಿಸಿ ಮೇಜಿನ ಮೇಲಿಟ್ಟಳು. "ನೇರಳೆ ಬಂದ್ರೆ ಕೋಶ ಬದುಕಿದೆ ಅಂತ ಲೆಕ್ಕ. ಈ ತಟ್ಟೇಲಿ ಕೋಶಗಳೇ ಇಲ್ಲ, ನಾನು ಹಾಕೇ ಇಲ್ಲ. ಆದ್ರೂ ನೇರಳೆ. ಪುಡಿನೇ ಬಣ್ಣ ಬದಲಿಸ್ತಾ ಇತ್ತು. ನಾನು ನೋಡಲಿಲ್ಲ."

ಅಪ್ಪ ಹಾಳೆಯನ್ನು ಎಡಗೈಯಿಂದ ಎಳೆದುಕೊಂಡು, ಬಟ್ಟೆಯ ನೇಯ್ಗೆ ನೋಡುವವನ ಹಾಗೆ ನೋಡಿದ.

"ಅಂದ್ರೆ ಮನೇಲಿ ಯಾರೂ ಇಲ್ಲದಿದ್ರೂ ದೀಪ ಉರೀತಿತ್ತು. ನೀನು ದೀಪ ನೋಡಿ ಜನ ಇದಾರೆ ಅಂದ್ಕೊಂಡೆ."

"ಹೌದು."

"ಎಷ್ಟು ದಿನ?"

"ಹದಿನಾಲ್ಕು ತಿಂಗಳು."

ಅವನು ಬಾಯಲ್ಲೇ ಚ್ಚ್ ಎಂದ. ಆಮೇಲೆ ಮೇಜಿನ ಖಾನೆ ಎಳೆದು ಒಂದು ಬಿಳಿಬಟ್ಟೆಯ ಪಟ್ಟಿ ತೆಗೆದು ಅವಳ ಮುಂದೆ ಬಿಡಿಸಿದ. ಹೊಸ ಸೂಜಿಯೋ ಹೊಸ ದಾರವೋ ಬಂದಾಗ ತುಂಡುಬಟ್ಟೆಯ ಮೇಲೆ ಒಂದು ಸಾಲು ಹೊಲಿದು ನೋಡುವುದು ಅವನ ಪದ್ಧತಿ. ಈ ಪಟ್ಟಿಯ ಮೇಲೆ ಒಂಬತ್ತು ಸಾಲು ಕೈಹೊಲಿಗೆ, ಪ್ರತಿ ಸಾಲಿನ ತುದಿಯಲ್ಲಿ ಸೀಮೆಸುಣ್ಣದ ತಾರೀಖು. ಅದನ್ನು ಓದುವುದು ಅವಳಿಗೆ ಕಷ್ಟವಾಗಲಿಲ್ಲ. ಮೊದಲ ನಾಲ್ಕು ಸಾಲು ನೇರ, ಸಮ ಹೊಲಿಗೆ, ಅಪ್ಪನ ಕೈಯದೇ. ಐದನೆಯದರಲ್ಲಿ ಒಂದೆರಡು ಉದ್ದವಾಗಿದ್ದವು. ಏಳನೆಯದು ಇಳಿಜಾರಿನಲ್ಲಿ ಹೋಗಿತ್ತು. ಒಂಬತ್ತನೆಯದನ್ನು ಹೊಲಿಗೆ ಎನ್ನುವ ಹಾಗಿರಲಿಲ್ಲ. ಮಧ್ಯದಲ್ಲೇ ದಾರ ಕಡಿದುಹೋಗಿತ್ತು, ಪಕ್ಕದಲ್ಲಿ ಕಂದುಗಟ್ಟಿದ ಒಂದು ರಕ್ತದ ಚುಕ್ಕೆ.

"ನಿಮಗೆ ಗೊತ್ತಿತ್ತು," ಎಂದಳು.

"ಮೊದಲ ನಾಲ್ಕು ದಿನ ಭಾರಿ ಖುಷಿ. ನಿಮ್ಮಮ್ಮನಿಗೂ ತೋರಿಸಿದ್ದೆ, ಯಾಕೆ ಅಂತ ಹೇಳದೆ. ಆಮೇಲೆ ಇಳೀತು. ಹೊಸ ಔಷಧಿ ಅಲ್ವಾ, ಹಿಡಿಯೋಕೆ ಹೊತ್ತು ಬೇಕೇನೋ ಅಂದ್ಕೊಂಡೆ."

"ಹಳೇ ಮಾತ್ರೆಯ ಗುಣ ಒಂದಷ್ಟು ದಿನ ಮೈಯಲ್ಲಿ ಉಳಿದಿರುತ್ತೆ ಅಪ್ಪ. ಆ ನಾಲ್ಕು ಸಾಲು ಹೊಲಿಸಿದ್ದು ಅದೇ."

"ಬೈಸಿಕೊಂಡ ಮಾತ್ರೆನೇ?" ಅವನ ಬಾಯಿಯ ಒಂದು ತುದಿ ಏಳಲು ನೋಡಿತು. "ಪಾಪ."

"ನಿನ್ನೆನೇ ಹೇಳಬಹುದಿತ್ತು. ಬೆಳಿಗ್ಗೆ ಫೋನಲ್ಲಿ ಹೇಳಬಹುದಿತ್ತು. ಚೆನ್ನಾಗಿದೀನಿ ಅಂದ್ರಲ್ಲ!" ಅವಳ ದನಿ ಏರಿತು. ಹೊರಗೆ ಅಮ್ಮನ ಮೆಷಿನ್ನು ನಿಂತಿತು.

ಅಪ್ಪ ಪಟ್ಟಿಯ ಅಂಚನ್ನು ಎಡಗೈ ಬೆರಳಿಂದ ತೀಡುತ್ತ ಕೂತ. "ಬರೋ ಗಿರಾಕಿಗೆಲ್ಲ ಹೇಳಿದ್ದೆ, ನನ್ನ ಮಗಳು ಕಂಡುಹಿಡಿದಿದ್ದು ಅಂತ. ನಾನೇ ಅದನ್ನ ಬಿಟ್ಟು ಮತ್ತೆ ಮಾತ್ರೆ ನುಂಗಿದ್ರೆ, ನಿನ್ನ ಔಷಧಿ ಮೊದಲು ಸೋತಿದ್ದು ನಿನ್ನಪ್ಪನ ಕೈಯಲ್ಲಿ ಅಂತಾಗ್ತಿತ್ತು. ನೀನಾಗೇ ಸುಳ್ಳು ಅಂದ್ರೆ ಬೇರೆ ಮಾತು."

ಅವಳಿಗೆ ಸಿಟ್ಟು ಬಂತು. ಏನೋ ಹೇಳಹೊರಟು, ಚೀಲದಿಂದ ಡಾಕ್ಟರ ಮಾತು ಬರೆದ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. "ಊಟ ಮಾಡಿದ್ದೀರಾ?"

"ಈಗ ತಾನೇ."

"ಅರ್ಧ ಮಾತ್ರೆ. ನಾಳೆ ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗ್ತಿದ್ದೀವಿ. ಕ್ಯಾಪ್ಸೂಲ್ ಡಬ್ಬಿ ನನಗೆ ಕೊಡಿ."

ಅಮ್ಮ ಗುಂಡಿ ಡಬ್ಬಿಯೊಂದಿಗೆ ಒಳಗೆ ಬಂದಳು. ಮಾತ್ರೆಯನ್ನು ದೊಡ್ಡ ಕತ್ತರಿಯಿಂದಲೇ ಸರಿಯಾಗಿ ಎರಡು ಭಾಗ ಮಾಡಿ, ಒಂದನ್ನು ಗಂಡನ ಮುಂದಿಟ್ಟಳು. "ನುಂಗ್ರಿ. ನಾನು ನೋಡಬೇಕು. ನಾಲಿಗೆ ಕೆಳಗೆ ಇಟ್ಕೊಂಡ್ರೆ ಬಾಯಿ ಬಿಡಿಸ್ತೀನಿ."

"ತಡಿ," ಎಂದ ಅಪ್ಪ.

"ಇನ್ನೇನು?"

"ಇವತ್ತಿನ ಸಾಲು ಆಗಿಲ್ಲ. ಮಾತ್ರೆಗೆ ಮುಂಚಿನದು ಒಂದು ಬೇಡ್ವಾ? ಆಮೇಲೆ ಯಾವುದಕ್ಕೆ ಹೋಲಿಸೋದು?" ಅವನು ಮಗಳ ಮುಖ ನೋಡಿದ. ನಿಜಕ್ಕೂ ಕೇಳುತ್ತಿದ್ದ, ಕೀಟಲೆಯಲ್ಲ.

ಬೇಕಿತ್ತು. ಅವಳು ಸೀಮೆಸುಣ್ಣ ತೆಗೆದುಕೊಂಡು ಪಟ್ಟಿಯ ಮೇಲೆ ತಾರೀಖು ಬರೆದಳು, ಪಕ್ಕದಲ್ಲಿ ಗಂಟೆಯನ್ನೂ ಬರೆದಳು.

ಅಪ್ಪ ಕೋಟಿನ ಕೆಳಗಿಂದ ಬಲಗೈ ತೆಗೆದ. ಅಷ್ಟು ಹೊತ್ತು ಅದು ಅಲ್ಲೇ ಬಡಿದುಕೊಳ್ಳುತ್ತಿತ್ತೆಂದು ಈಗ ಕಂಡಿತು. ಸೂಜಿ ಹಿಡಿದ. ದಾರದ ತುದಿ ಸೂಜಿಯ ಕಣ್ಣಿನ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು. ಅವಳ ಎರಡೂ ಕೈ ತಾವಾಗಿಯೇ ಮುಂದೆ ಬಂದವು.

"ಮುಟ್ಟಬೇಡ. ನೀನು ಪೋಣಿಸಿದ್ರೆ ಅದು ನಿನ್ನ ಸಾಲಾಗುತ್ತೆ."

ಅವಳು ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಸ್ಟೂಲಿನ ಮೇಲೆ ಕೂತಳು. ಕಾಲು ಮಾತ್ರ ನಿಲ್ಲದೆ ನೆಲ ತಟ್ಟುತ್ತಿತ್ತು. ಅಮ್ಮ ನೀರಿನ ಲೋಟ ಹಿಡಿದು ನಿಂತೇ ಇದ್ದಳು. ಏಳನೇ ಸಲಕ್ಕೋ ಎಂಟನೇ ಸಲಕ್ಕೋ ದಾರ ಒಳಹೊಕ್ಕಿತು. ಅಪ್ಪ ಬಟ್ಟೆಯನ್ನು ಮೇಜಿಗೆ ಒತ್ತಿಹಿಡಿದು ಮೊದಲ ಹೊಲಿಗೆ ಹಾಕಿದ. ಸೊಟ್ಟ. ಎರಡನೆಯದು ಅದಕ್ಕಿಂತ ಸೊಟ್ಟ. ಆರು ಹಾಕಿ ದಾರ ಕಚ್ಚಿ ತುಂಡರಿಸಿ, ಪಟ್ಟಿಯನ್ನು ಮಗಳ ಕಡೆ ತಳ್ಳಿದ.

"ಬರ್ಕೋ," ಎಂದ. ಅರ್ಧ ಮಾತ್ರೆ ಬಾಯಿಗೆ ಹಾಕಿ, ಅಮ್ಮನ ಕೈಯಿಂದ ಲೋಟ ತೆಗೆದುಕೊಂಡ. ನೀರು ಸ್ವಲ್ಪ ಅಂಗಿಯ ಮೇಲೆ ಚೆಲ್ಲಿತು. ನುಂಗಿದ. ಬಾಯಿ ತೆರೆದು ಅಮ್ಮನಿಗೂ, ಆಮೇಲೆ ಅವಳಿಗೂ ತೋರಿಸಿದ.

ಅವಳು ಚೀಟಿಯ ಹಿಂದೆ ಗಂಟೆ ಬರೆದುಕೊಂಡಳು. ನಾಲ್ಕು ಹತ್ತು. ಬರೆದು, ಅವನ ಕೈಯನ್ನೇ ನೋಡುತ್ತ ಕೂತಳು.

"ಅದೇನು ಈಗಲೇ ನಿಲ್ಲುತ್ತಾ? ಹೋಗಿ ಅಮ್ಮನಿಗೆ ಗುಂಡಿ ಹಚ್ಚಿಕೊಡು," ಎಂದ ಅಪ್ಪ.

ಅವಳು ಏಳಲಿಲ್ಲ.